ಮೇಷ್ಟ್ರು, ಲುವಾ ಮತ್ತು 90 ಕಾಯಿ

“ಸಾರ್, ಪಂಪ್ ಟೆಸ್ಟ್ ಮಾಡೋಕೆ 90 ಕಾಯಿ ಯಾಕೆ ಬೇಕು?”

ಹೊಸದಾಗಿ ಸೇರಿದ್ದ ಹುಡುಗನೊಬ್ಬ ನನ್ನ ಮೇಜಿನ ಮುಂದೆ ನಿಂತು ತುಂಬಾ ಗಂಭೀರವಾಗಿ ಕೇಳಿದ್ದ ಪ್ರಶ್ನೆ ಇದು. ಆಯುಧಪೂಜೆ ಹತ್ತಿರ ಇತ್ತು, ಅದರ ಲೆಕ್ಕ ಇರಬೇಕು ಅಂದುಕೊಂಡೆ. ಅವನ ಕೈಯಲ್ಲಿದ್ದ ಪ್ರಿಂಟೌಟ್ ನೋಡಿದ ಮೇಲೆ ನಗು ತಡೆಯೋಕಾಗಲಿಲ್ಲ. ಅದು ನಮ್ಮ ಮೇಷ್ಟ್ರು ಬರೆದ ಸ್ಕ್ರಿಪ್ಟು. ಇಂಗ್ಲಿಷ್ ಅಕ್ಷರಗಳಲ್ಲಿ ‘ಕಾಯಿ’ ಅಂತ ಬರೆದು, ಪಕ್ಕದ ಆವರಣದಲ್ಲಿ 90 ಹಾಕಿದ್ದರು. ತೆಂಗಿನಕಾಯಿ ಅಲ್ಲ ಮಾರಾಯಾ, ತೊಂಬತ್ತು ಸೆಕೆಂಡು ಕಾಯಿ, ವೇಟ್ ಮಾಡು ಅಂತ! ಆ ಹೆಸರು ಇಟ್ಟಿದ್ದು ನಾನೇ. ಮೇಷ್ಟ್ರಿಗೆ ಸುಲಭವಾಗಲಿ ಅಂತ ‘ತೆರೆ’, ‘ಮುಚ್ಚು’, ‘ಓದು’, ‘ಕಾಯಿ’ ಅಂತ ನಾಲ್ಕು ಪದ ಮಾಡಿಕೊಟ್ಟಿದ್ದೆ. ಅವರ ಪ್ರಪಂಚಕ್ಕೆ ಆ ನಾಲ್ಕೇ ಸಾಕಾಗಿತ್ತು.

ಇದು 2008ರ ಮಾತು. ಪೀಣ್ಯದಲ್ಲಿ ಬೋರ್‌ವೆಲ್ ಪಂಪು ತಯಾರಿಸುವ ಒಂದು ಕಾರ್ಖಾನೆ. ಹೆಸರು ಬೇಡ. ನಾನಿದ್ದಿದ್ದು ಮಹಡಿ ಮೇಲೆ, ಕಂಪ್ಯೂಟರ್ ಮುಂದೆ. ಕೆಳಗೆ ಟೆಸ್ಟ್ ಬೇ ಎಂಟು. ಪಂಪು ಓಡಿಸಬೇಕು, ಕವಾಟ ಪೂರ್ತಿ ತೆರೆಯಬೇಕು, ನೀರಿನ ಹರಿವು ಸ್ಥಿರವಾಗುವವರೆಗೆ ಕಾಯಬೇಕು, ಒತ್ತಡ-ಹರಿವು-ಕರೆಂಟು ಮೂರನ್ನೂ ಓದಿಕೊಳ್ಳಬೇಕು, ಕವಾಟ ಸ್ವಲ್ಪ ಮುಚ್ಚಬೇಕು, ಮತ್ತೆ ಕಾಯಬೇಕು, ಮತ್ತೆ ಓದಬೇಕು. ಕೊನೆಗೆ ಒಂದು ಗ್ರಾಫ್. ಇಷ್ಟೇ ಕೆಲಸ. ಆದರೆ ಎಂಟು ಬೇಗಳಲ್ಲೂ ಒಟ್ಟೊಟ್ಟಿಗೆ ನಡೀತಿರುತ್ತೆ, ಒಂದೊಂದರಲ್ಲಿ ಒಂದೊಂದು ಥರದ ಪಂಪು.

ಇದನ್ನೆಲ್ಲ ನಡೆಸುವ ಪ್ರೋಗ್ರಾಮ್ ಸಿ++ನಲ್ಲಿ ಇತ್ತು. ನನಗಿಂತ ಮುಂಚೆ ಇದ್ದವರು ಬರೆದಿದ್ದು, ನಾನು ಹಾಳು ಮಾಡಿದ್ದು :) ಕಾಯುವ ಕೆಲಸ ಇದೆಯಲ್ಲ, ಅದೇ ಇಲ್ಲಿ ತಲೆನೋವು. ಒಂದು ಬೇಗೋಸ್ಕರ ಪ್ರೋಗ್ರಾಮ್ ತೊಂಬತ್ತು ಸೆಕೆಂಡು ನಿಂತುಬಿಟ್ಟರೆ ಉಳಿದ ಏಳರ ಗತಿ? ಅದಕ್ಕೇ ಪ್ರತಿ ಪರೀಕ್ಷೆಯನ್ನೂ ಚೂರು ಚೂರು ಮಾಡಿ, ‘ಈಗ ಯಾವ ಹಂತ, ಮುಂದೆ ಯಾವ ಹಂತ’ ಅಂತ ನಂಬರ್ ಕೊಟ್ಟು, ಒಂದು ದೈತ್ಯ ಸ್ವಿಚ್ ಒಳಗೆ ತುರುಕಿದ್ದರು. ಒಂದು ಹಂತ ಸೇರಿಸಬೇಕು ಅಂದ್ರೆ ಅರ್ಧ ದಿನ. ಆಮೇಲೆ ಕಂಪೈಲ್ ಮಾಡಿ, ಎಂಟೂ ಬೇ ನಿಲ್ಲಿಸಿ, ಪ್ರೋಗ್ರಾಮ್ ಮತ್ತೆ ಶುರು ಮಾಡಬೇಕು.

ಬದಲಾವಣೆ ಬೇಕು ಅಂತ ಕೇಳುತ್ತಿದ್ದವರು ಮೇಷ್ಟ್ರು. ಟೆಸ್ಟಿಂಗ್ ವಿಭಾಗದ ಹಿರಿಯರು, ಐಟಿಐ ಓದಿದವರು. ಅಪ್ರೆಂಟಿಸ್ ಹುಡುಗರಿಗೆಲ್ಲ ಕೆಲಸ ಕಲಿಸುತ್ತಿದ್ದರಿಂದ ಆ ಹೆಸರು. ಪಂಪಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅಂತ ಹೇಳೋರು. ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಲ್ಲಿ ಬರ್ಕೊಂಡು ಮೆಟ್ಟಿಲು ಹತ್ತಿ ಬರೋರು. “ಏನಪ್ಪಾ ಮರಿ, ಈ ಮಾಡೆಲ್ಲಿಗೆ ಅರ್ಧ ಮುಚ್ಚಿದ ಮೇಲೆ ಇನ್ನೊಂದು ಸಲ ಓದ್ಬೇಕು ಕಣೋ.” ನಾನು “ಮುಂದಿನ ವಾರ ಮೇಷ್ಟ್ರೇ” ಅನ್ನೋದು. ಹೀಗೇ ನಡೀತಿತ್ತು.

ಆ ಚೀಟಿಯಲ್ಲಿ ಬರೆದಿದ್ದನ್ನ ಹಾಗ್ಹಾಗೇ ಪ್ರೋಗ್ರಾಮಿಗೆ ತಿನ್ನಿಸೋಕಾದರೆ? ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಲುವಾ.

ಲುವಾ ಅಂದರೆ ಪೋರ್ಚುಗೀಸಿನಲ್ಲಿ ಚಂದ್ರ. ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್ಲಿನ ರಿಯೋ ಡಿ ಜನೈರೋದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ರಾಬರ್ಟೊ ಇಯರುಸಲಿಮ್‌ಸ್ಕಿ, ಲೂಯಿಜ್ ಹೆನ್ರಿಕ್ ಡಿ ಫಿಗೆರೆಡೊ, ವಾಲ್ಡೆಮಾರ್ ಸೆಲೆಸ್ ಅಂತ ಮೂರು ಜನ ಮಾಡಿದ್ದು. ಇದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ. 1977ರಿಂದ 1992ರವರೆಗೆ ಬ್ರೆಜಿಲ್ ಸರ್ಕಾರ ಹೊರಗಿನ ಕಂಪ್ಯೂಟರು, ಸಾಫ್ಟ್‌ವೇರುಗಳಿಗೆ ದೊಡ್ಡ ಬೇಲಿ ಹಾಕಿತ್ತು. ತರಿಸೋದು ಕಷ್ಟ, ಅದಕ್ಕೇ ತಾವೇ ಮಾಡಿಕೊಳ್ಳೋದು ಅಲ್ಲಿನ ಅಭ್ಯಾಸವಾಗಿತ್ತು. ಇವರ ದೊಡ್ಡ ಗಿರಾಕಿ ಅಲ್ಲಿನ ತೈಲ ಕಂಪನಿ ಪೆಟ್ರೋಬ್ರಾಸ್. ಅಲ್ಲಿನ ಇಂಜಿನಿಯರುಗಳು ಪ್ರೋಗ್ರಾಮರುಗಳಲ್ಲ, ಆದರೂ ತಮ್ಮ ಪ್ರೋಗ್ರಾಮುಗಳಿಗೆ ತಾವೇ ಲೆಕ್ಕ, ನಿಯಮ ಎಲ್ಲ ಬರೆದುಕೊಡಬೇಕಿತ್ತು. ಮೊದಲು ‘ಸೋಲ್’ ಅನ್ನೋ ಪುಟ್ಟ ಭಾಷೆ ಮಾಡಿದರು. ಸೋಲ್ ಅಂದರೆ ಸೂರ್ಯ. ಅದರ ಮುಂದಿನದು ಚಂದ್ರ! ಅಂದರೆ ಹುಟ್ಟಿದಾಗಿಂದಲೂ ಈ ಭಾಷೆ ಇದ್ದಿದ್ದು ನಮ್ಮ ಮೇಷ್ಟ್ರಂಥವರಿಗೇ.

ಇದು ಸ್ವಂತ ಮನೆ ಇಲ್ಲದ ಭಾಷೆ. ಬೇರೆಯವರ ಪ್ರೋಗ್ರಾಮಿನ ಒಳಗೆ ಬಾಡಿಗೆಗೆ ಇರುತ್ತೆ. ಆಗ ನಾನು ಬಳಸಿದ 5.1ನೇ ಆವೃತ್ತಿ ಒಟ್ಟು ಹದಿನೇಳು ಸಾವಿರ ಸಾಲಿನ ಆಸುಪಾಸು, ಎಲ್ಲ ಶುದ್ಧ ಸಿ. ನಿಮ್ಮ ಕೋಡಿನ ಜೊತೆ ಸೇರಿಸಿ ಕಂಪೈಲ್ ಮಾಡಿದರೆ ಮುಗೀತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಒಳಗಿರೋದು ಇದೇ, ಅಡೋಬಿ ಲೈಟ್‌ರೂಮ್ ಒಳಗಿರೋದೂ ಇದೇ. ಇನ್ನೂ ಹತ್ತಿರದ ಉದಾಹರಣೆ ಬೇಕಾ? 2013ರಿಂದ ವಿಕಿಪೀಡಿಯಾದ ಒಳಗೂ ಇದೆ. ಕನ್ನಡ ವಿಕಿಪೀಡಿಯಾದಲ್ಲಿ ಊರಿನ ಬಗ್ಗೆ ಓದುವಾಗ ಬಲಗಡೆ ಒಂದು ಮಾಹಿತಿ ಚೌಕ ಕಾಣುತ್ತಲ್ಲ, ಅಂಥವುಗಳ ಹಿಂದೆ ಎಷ್ಟೋ ಕಡೆ ಕೂತು ಲೆಕ್ಕ ಮಾಡ್ತಿರೋದು ಈ ಚಂದ್ರನೇ.

ನನಗೆ ಬೇಕಾಗಿದ್ದು ಅದರಲ್ಲಿದ್ದ ಒಂದೇ ಒಂದು ಗುಣ, ಕೊರೂಟೀನ್. ಇದನ್ನ ಕಂಪ್ಯೂಟರ್ ಗೊತ್ತಿಲ್ಲದವರಿಗೆ ಹೇಗೆ ಹೇಳೋದು ಅಂತ ಬಹಳ ತಲೆ ಕೆಡಿಸಿಕೊಂಡಿದ್ದೀನಿ. ತಾಳಮದ್ದಳೆ ನೋಡಿದವರಿಗಾದರೆ ಸುಲಭ. ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಸಾಲಾಗಿ ಕೂತಿರ್ತಾರೆ. ಕೃಷ್ಣನೂ ಕೌರವನೂ ಒಟ್ಟಿಗೇ ಮಾತಾಡಲ್ಲ. ಕೃಷ್ಣ ತನ್ನ ಮಾತು ಒಂದು ಹದಕ್ಕೆ ತಂದು ತಾನೇ ನಿಲ್ಲಿಸ್ತಾನೆ. ಭಾಗವತರು ಮುಂದಿನ ಪದ ಎತ್ತುತ್ತಾರೆ, ಕೌರವ ಶುರು ಮಾಡ್ತಾನೆ. ಕೃಷ್ಣ ಎಲ್ಲೂ ಎದ್ದು ಹೋಗಿಲ್ಲ, ಅಲ್ಲೇ ಕೂತಿದ್ದಾನೆ, ವಾದ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದು ಅವನ ತಲೆಯಲ್ಲಿದೆ. ಸರದಿ ಬಂದಾಗ ಅಲ್ಲಿಂದಲೇ ಮುಂದುವರಿಸ್ತಾನೆ. ಒಂದೇ ವೇದಿಕೆ, ಒಂದು ಸಲಕ್ಕೆ ಒಬ್ಬರದೇ ದನಿ, ಆದರೂ ಕಥೆಯಲ್ಲಿ ಎಲ್ಲರೂ ಇದ್ದಾರೆ. ನನ್ನ ಎಂಟು ಬೇಗಳು ಎಂಟು ಅರ್ಥಧಾರಿಗಳು. ಸ್ಕ್ರಿಪ್ಟಿನಲ್ಲಿ ‘ಕಾಯಿ 90’ ಬಂತು ಅಂದರೆ ಅವನು ಸುಮ್ಮನಾದ ಅಂತ. ಭಾಗವತಿಕೆ ಸಿ++ನದು. ತೊಂಬತ್ತು ಸೆಕೆಂಡು ಆದ ಮೇಲೆ ಅವನನ್ನು ಎಬ್ಬಿಸುತ್ತೆ. ಸ್ವಿಚ್ ಬೇಡ, ಹಂತದ ನಂಬರ್ ಬೇಡ. ಮೇಷ್ಟ್ರ ಚೀಟಿ ಮೇಲಿಂದ ಕೆಳಗೆ ಹೇಗಿದೆಯೋ ಹಾಗೇ ಕೋಡು.

ತಾಳಮದ್ದಳೆಯ ಕಷ್ಟವೂ ಇದರಲ್ಲಿದೆ ಅನ್ನಿ. ಮೈಕು ಸಿಕ್ಕ ಖುಷಿಗೆ ಮಾತು ನಿಲ್ಲಿಸದ ಅರ್ಥಧಾರಿ! ‘ಕಾಯಿ’ ಇಲ್ಲದ ಲೂಪ್ ಬರೆದರೆ ಅವನು ಮಾತಾಡ್ತಾನೇ ಇರ್ತಾನೆ, ಉಳಿದ ಏಳು ಜನ ಆಕಳಿಸುತ್ತಾ ಕೂತಿರಬೇಕು. ಅದಕ್ಕೂ ಲುವಾದಲ್ಲಿ ದಾರಿ ಇದೆ. ಇಷ್ಟು ಸಾವಿರ ಸೂಚನೆ ಓಡಿದ ಮೇಲೆ ನನ್ನನ್ನ ಕರಿ ಅಂತ ಒಂದು ಕೊಕ್ಕೆ ಹಾಕಿಡಬಹುದು. ಕರೆದಾಗ ಗಡಿಯಾರ ನೋಡಿ, ಅತಿಯಾಯ್ತು ಅನ್ನಿಸಿದರೆ ಎರರ್ ಕೊಟ್ಟು ಕೂರಿಸೋದು. ವಿಕಿಪೀಡಿಯಾದಲ್ಲೂ ಒಂದು ಪುಟದ ಲುವಾ ಕೋಡಿಗೆ ಒಟ್ಟು ಹತ್ತು ಸೆಕೆಂಡಿನ ಮಿತಿ ಇದೆ.

ಮೊದಲ ವಾರದ ಅವಾಂತರಗಳನ್ನ ಹೇಳದಿದ್ದರೆ ಪಾಪ ಬರುತ್ತೆ. ಲುವಾದಲ್ಲಿ ಎಣಿಕೆ ಶುರುವಾಗೋದು ಒಂದರಿಂದ, ಸಿ++ನಲ್ಲಿ ಸೊನ್ನೆಯಿಂದ. ಮೇಷ್ಟ್ರು 3ನೇ ಬೇ ಕವಾಟ ತೆರೆ ಅಂದರು, ತೆರೆದಿದ್ದು 4ನೆಯದು. ಅಲ್ಲಿ ಸ್ಪ್ಯಾನರ್ ಹಿಡಿದು ಬಗ್ಗಿ ನಿಂತಿದ್ದ ಹುಡುಗನಿಗೆ ಅಭ್ಯಂಜನ. “ಒಂದರಿಂದ ತಾನೇ ಎಣಿಸೋದು? ಸೊನ್ನೆಯಿಂದ ಯಾರಪ್ಪಾ ಎಣಿಸ್ತಾರೆ?” ಅಂತ ಮೇಷ್ಟ್ರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಇನ್ನೊಂದು, ರಿಪೋರ್ಟಿನಲ್ಲಿ ಕನ್ನಡ ಹಾಕೋಣ ಅಂತ ಹೊರಟಾಗ ಆಗಿದ್ದು. ‘ಕನ್ನಡ’ ಅನ್ನೋ ಪದದ ಉದ್ದ ಎಷ್ಟು ಅಂದರೆ ಲುವಾ 15 ಅಂತು! ಅದು ಎಣಿಸೋದು ಬೈಟುಗಳನ್ನ. ಕ, ನ, ಅರ್ಧಾಕ್ಷರ ಮಾಡುವ ಹಲಂತ, ಮತ್ತೊಂದು ನ, ಡ ಹೀಗೆ ಐದು ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟು. 2015ರ 5.3ರಲ್ಲಿ ಬಂದ ಹೊಸ ಲೈಬ್ರರಿ ಕೇಳಿದರೆ 5 ಅನ್ನುತ್ತೆ. ಒಂದನೇ ಕ್ಲಾಸಿನ ಮಗು ಹೇಳೋ 3 ಮಾತ್ರ ಅದಕ್ಕಿನ್ನೂ ಗೊತ್ತಿಲ್ಲ.

ಆದರೂ ಒಂದು ತಿಂಗಳಿಗೆ ಎಲ್ಲ ಹದಕ್ಕೆ ಬಂತು. ಮೇಷ್ಟ್ರು ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ತಮ್ಮ ಸ್ಕ್ರಿಪ್ಟು ತಾವೇ ಬರೆಯೋಕೆ ಶುರು ಮಾಡಿದರು. ಪ್ರೋಗ್ರಾಮ್ ನಿಲ್ಲಿಸಬೇಕಿಲ್ಲ, ನನ್ನನ್ನ ಕೇಳಬೇಕಿಲ್ಲ, ಫೈಲು ಸೇವ್ ಮಾಡಿದರೆ ಮುಂದಿನ ಪಂಪಿಗೆ ಹೊಸ ಪರೀಕ್ಷೆ. ಮೆಟ್ಟಿಲು ಹತ್ತೋದು ಕಮ್ಮಿಯಾಯ್ತು. ಬಂದರೂ ಬೋಂಡ ತಗೊಂಡು ಬರೋರು, ಚೀಟಿ ಅಲ್ಲ.

ಆಮೇಲೆ ಬಂತು 72 ಗಂಟೆಯ ಪರೀಕ್ಷೆ.

ಯಾವುದೋ ದೊಡ್ಡ ಆರ್ಡರು. ಮೂರು ದಿನ ಮೂರು ರಾತ್ರಿ ಪಂಪು ನಿಲ್ಲದೆ ಓಡಬೇಕು, ಸೋಮವಾರ ಸಂಜೆ ಅವರ ಇನ್ಸ್‌ಪೆಕ್ಟರ್ ಎದುರು ಮುಗಿಯಬೇಕು. ಶುಕ್ರವಾರ ಸಂಜೆ ಆರಕ್ಕೆ ಮೇಷ್ಟ್ರು ತಾವೇ ಬರೆದ ಸ್ಕ್ರಿಪ್ಟು ಓಡಿಸಿದರು. ಭಾನುವಾರ ಬೆಳಗ್ಗೆ ಆರೂವರೆ ಹೊತ್ತಿಗೆ ಪ್ರೋಗ್ರಾಮ್ ಢಮಾರ್. ಕಂಟ್ರೋಲ್ ಹೋದರೆ ಪಂಪು ತಾನಾಗಿ ನಿಲ್ಲಬೇಕು, ಅದೇನೋ ಸರಿಯಾಗಿ ನಿಂತಿತು. ಆದರೆ ಪರೀಕ್ಷೆ ಕೆಟ್ಟಿತು.

ಸೋಮವಾರ ಬೆಳಗ್ಗೆ ಮೀಟಿಂಗು. ಎಲ್ಲರೂ ನನ್ನ ಮುಖ ನೋಡ್ತಿದ್ದರು. ನಾನು ಮೇಷ್ಟ್ರ ಸ್ಕ್ರಿಪ್ಟು ತೆಗೆದು ನೋಡಿದೆ. ಪ್ರತಿ ಸೆಕೆಂಡಿನ ಒತ್ತಡ, ಹರಿವು, ಕರೆಂಟನ್ನ ಮೂರು ಟೇಬಲ್ಲಿನಲ್ಲಿ ಪೇರಿಸಿಡುತ್ತಾ ಹೋಗಿದ್ದರು, ಕೊನೆಗೆ ಸರಾಸರಿ ತೆಗೆಯೋಕೆ. ನನ್ನ ಬಾಯಿಂದ ಮಾತು ಬಂದೇ ಬಂತು. “ಇಷ್ಟೊಂದು ಡೇಟಾ ಇಟ್ಕೊಂಡಿದ್ದಾರೆ, ಮೆಮೊರಿ ತುಂಬಿರುತ್ತೆ.” ಮೇಷ್ಟ್ರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಏನೂ ಹೇಳಲಿಲ್ಲ. ಡೈರಿಯಲ್ಲಿ ಏನೋ ಬರೆದುಕೊಂಡರು ಅಷ್ಟೆ.

ಅವತ್ತು ರಾತ್ರಿ ಆಫೀಸಿನಲ್ಲೇ ಕೂತಿದ್ದೆ. ಲಾಗ್ ಫೈಲಿನ ಕೊನೆಯ ಸಾಲು, ಪರೀಕ್ಷೆ ಶುರುವಾಗಿ 36 ಗಂಟೆ 24 ನಿಮಿಷ 32 ಸೆಕೆಂಡು. ಸುಮ್ಮನೆ ಅದನ್ನ ಸೆಕೆಂಡಿಗೆ ಬದಲಾಯಿಸಿದೆ. 1,31,072. ಕೋಡ್ ಕುಟ್ಟುವವರಿಗೆ ಈ ನಂಬರು ನೋಡಿದರೆ ಬೆನ್ನಲ್ಲಿ ಛಳಕ್ ಅನ್ನುತ್ತೆ. ಎರಡನ್ನ ಹದಿನೇಳು ಸಲ ಗುಣಿಸಿದರೆ ಬರೋದು ಇದೇ. ಲುವಾದ ಟೇಬಲ್ಲು ತುಂಬಿದಾಗಲೆಲ್ಲ ಜಾಗ ದುಪ್ಪಟ್ಟು ಮಾಡಿಕೊಳ್ಳುತ್ತೆ. 1,31,072 ತುಂಬಿ ಅದರ ಮುಂದಿನದು ಬಂದ ಕ್ಷಣ ಒಂದೊಂದು ಟೇಬಲ್ಲೂ 2 ಎಂಬಿಯಿಂದ 4 ಎಂಬಿಗೆ ಹಾರುತ್ತೆ. ಮೂರೂ ಸೇರಿ 6ರಿಂದ 12.

ಸಿಕ್ಕಿಬಿದ್ದರು ಮೇಷ್ಟ್ರು, ನಾನು ಹೇಳಿದ್ದೇ ಸರಿ ಅಂತ ಒಂದು ನಿಮಿಷ ಖುಷಿ ಕೂಡ ಆಯ್ತು, ಸುಳ್ಳು ಯಾಕೆ ಹೇಳಲಿ.

ಆದರೆ 12 ಎಂಬಿ ಯಾವ ಲೆಕ್ಕ? ಆ ಮೆಷೀನಿನಲ್ಲಿ 512 ಇತ್ತು. ಯಾರೂ ಸಾಯೋ ಅಷ್ಟಲ್ಲ. ಹಾಗಾದರೆ 6 ಮತ್ತು 12ರ ನಡುವೆ ಏನಿದೆ? ಗೊತ್ತಾದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯ್ತು. ನಡುವೆ ಇದ್ದಿದ್ದು ನಾನು.

ಲುವಾ ತನಗೆ ಬೇಡದ್ದನ್ನ ಆಗಾಗ ತಾನೇ ಗುಡಿಸುತ್ತೆ, ಗಾರ್ಬೇಜ್ ಕಲೆಕ್ಷನ್ ಅಂತ. ಪರೀಕ್ಷೆ ನಡೆಯುವಾಗ ಗುಡಿಸೋಕೆ ಹೋಗಿ ಓದೋದು ತಡವಾದೀತು ಅಂತ ಅತಿ ಬುದ್ಧಿವಂತಿಕೆ ಮಾಡಿ ಅದನ್ನ ನಿಲ್ಲಿಸಿಟ್ಟಿದ್ದೆ. ಎಂಟೂ ಬೇ ಖಾಲಿ ಇದ್ದಾಗ ಮಾತ್ರ ಗುಡಿಸು, ಇಲ್ಲವೇ ಒಟ್ಟು 8 ಎಂಬಿ ದಾಟಿದರೆ ಗುಡಿಸು ಅಂತ ಎರಡು ಸಾಲು. ಎರಡನೆಯದು ಯಾವತ್ತೂ ಬಂದಿರಲಿಲ್ಲ, ದಿನದ ಪರೀಕ್ಷೆಗಳು ಚಿಕ್ಕವು. ಭಾನುವಾರ ಬೆಳಗ್ಗೆ ಮೊದಲ ಸಲ ಬಂತು. ಪೊರಕೆ ಹಿಡಿದು ಹೊರಟ ಲುವಾ ಒಂದೊಂದನ್ನೂ ‘ಇದು ಯಾರಿಗಾದರೂ ಬೇಕಾ?’ ಅಂತ ಕೇಳುತ್ತಾ ಹೋಗುತ್ತೆ. ಕೊರೂಟೀನನ್ನೂ ಕೇಳಿತು. ಆ ಕೊರೂಟೀನು ಬೇಕು ಅನ್ನೋದು ನನ್ನ ಸಿ++ಗೆ ಗೊತ್ತಿತ್ತು, ಅದರ ವಿಳಾಸ ನನ್ನ ಪಟ್ಟಿಯಲ್ಲಿತ್ತು. ಆದರೆ ಲುವಾ ನನ್ನ ಪಟ್ಟಿ ನೋಡೋಕೆ ಬರಲ್ಲ! ಅದರ ಮನೆಯೊಳಗೆ, ರಿಜಿಸ್ಟ್ರಿ ಅನ್ನೋ ಜಾಗದಲ್ಲಿ, ‘ಇವರು ನಮ್ಮವರು’ ಅಂತ ನಾನು ಬರೆಸಿಡಬೇಕಿತ್ತು. ಬರೆಸಿರಲಿಲ್ಲ. ಸ್ಟ್ಯಾಕಿನ ಮೇಲಿದ್ದ ಒಂದೇ ಗುರುತನ್ನೂ ‘ಕ್ಲೀನಾಗಿರಲಿ’ ಅಂತ ತೆಗೆದುಹಾಕಿದ್ದೆ. ಸರದಿಗೆ ಕಾಯ್ತಾ ಕೂತಿದ್ದ ಅರ್ಥಧಾರಿಯನ್ನ ಕಸದ ಜೊತೆ ಗುಡಿಸಿ ಹೊರಗೆ ಹಾಕಿತು. ಮುಂದಿನ ಸೆಕೆಂಡಿಗೆ ಭಾಗವತರು ಪದ ಎತ್ತಿದರು, ಆ ಜಾಗದಲ್ಲಿ ಯಾರೂ ಇಲ್ಲ. ಢಮಾರ್.

ಕೊರೂಟೀನುಗಳೂ ಉಳಿದೆಲ್ಲದರ ಹಾಗೇ ಗುಡಿಸಲ್ಪಡುತ್ತವೆ ಅಂತ ಮ್ಯಾನ್ಯುಯಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಓದಿದ್ದೆ ಕೂಡ.

ಸರಿಪಡಿಸೋಕೆ ಹಿಡಿದಿದ್ದು ಎರಡು ಸಾಲು. ಶುರುವಾಗುವಾಗ ರಿಜಿಸ್ಟ್ರಿಯಲ್ಲಿ ಹೆಸರು ಬರೆಸು, ಮುಗಿದ ಮೇಲೆ ಅಳಿಸು. ಮಂಗಳವಾರ ಬೆಳಗ್ಗೆ ಎಲ್ಲರಿಗೂ ಇಂಗ್ಲಿಷಿನಲ್ಲಿ ಒಂದು ಮೇಲ್ ಹಾಕಿದೆ. ಕನ್ನಡದಲ್ಲಿ ಹೇಳೋದಾದರೆ, ‘ಸ್ಕ್ರಿಪ್ಟಿನ ಮೆಮೊರಿ ಸಮಸ್ಯೆಯನ್ನು ಸರಿಪಡಿಸಲಾಗಿದೆ.’ ಹುಡುಕಿದರೂ ಇದರಲ್ಲಿ ಒಂದು ಸುಳ್ಳು ಪದ ಸಿಗಲ್ಲ. ಯಾರ ತಪ್ಪು ಅಂತ ಅದರಲ್ಲಿ ಇಲ್ಲ, ಆದರೆ ಓದಿದವರಿಗೆಲ್ಲ ಯಾರದ್ದು ಅಂತ ಆಗಲೇ ಗೊತ್ತಿತ್ತು. ನಾನೇ ಹೇಳಿದ್ದೆನಲ್ಲ. ಆ ವಾರವೇ ಪರೀಕ್ಷೆ ಮತ್ತೆ ಮಾಡಿದರು, ಪಾಸಾಯಿತು. ಮೇಷ್ಟ್ರನ್ನ ಕರೆಯಲಿಲ್ಲ, ನಾನೇ ಓಡಿಸಿದೆ. ಸ್ಕ್ರಿಪ್ಟಿನ ಫೋಲ್ಡರಿಗೆ ಪಾಸ್‌ವರ್ಡ್ ಹಾಕಲು ಮೇಲಿನವರು ಹೇಳಿದರು. ಹಾಕಿದೆ.

ಮುಂದಿನ ವಾರ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಚೀಟಿ. ಕುರ್ಚಿ ಎಳೆದುಕೊಳ್ಳಲಿಲ್ಲ. “ಸಾರ್, ಟೈಮಿದ್ದಾಗ ಇದೊಂದು ಹಂತ ಸೇರಿಸಿಕೊಡ್ತೀರಾ?”

ನನಗೆ ಅವರು ಯಾವತ್ತೂ ಸಾರ್ ಅಂದವರಲ್ಲ.

ಅವತ್ತೂ ಹೇಳಲಿಲ್ಲ ನಾನು. ಅದೇ ನನಗೆ ಈಗಲೂ ಚುಚ್ಚೋದು. ಚೀಟಿ ಇಸ್ಕೊಂಡು “ಆಯ್ತು ಮೇಷ್ಟ್ರೇ” ಅಂದೆ. ಇನ್ನೆರಡು ಸಲ ಬಂದರು, ಎರಡು ಸಲವೂ ಸಾರ್. ಮೂರನೇ ಸಲ ಅವರು ಬರೋದಕ್ಕೆ ಮುಂಚೆ ನಾನೇ ಕೆಳಗಿಳಿದು ಹೋದೆ. ಊಟದ ಹೊತ್ತು. ಬೇ ಪಕ್ಕದ ಬೆಂಚಿನ ಮೇಲೆ ಡಬ್ಬಿ ತೆರೆದು ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಪೊರಕೆ, ಪಟ್ಟಿ, 8 ಎಂಬಿ, ಮೇಲ್, ಎಲ್ಲ. ಸಂಜೆಯೊಳಗೆ ಇನ್ನೊಂದು ಮೇಲ್ ಹಾಕ್ತೀನಿ, ಅದರಲ್ಲಿ ನನ್ನ ಹೆಸರಿರುತ್ತೆ ಅಂತಲೂ ಹೇಳಿದೆ. (ಹಾಕಿದೆ. ಒಬ್ಬರೂ ಉತ್ತರ ಬರೆಯಲಿಲ್ಲ. ಪಾಸ್‌ವರ್ಡ್ ತೆಗೆದಿದ್ದಕ್ಕೂ ಯಾರೂ ಏನೂ ಕೇಳಲಿಲ್ಲ.)

ಮೇಷ್ಟ್ರು ಮಜ್ಜಿಗೆ ಅನ್ನ ಮುಗಿಸುವವರೆಗೆ ಮಾತಾಡಲಿಲ್ಲ. ಕೈ ತೊಳೆದು ಬಂದು ಕೇಳಿದ್ದು ಒಂದೇ ಪ್ರಶ್ನೆ.

“ಹಂಗಾದ್ರೆ ನನ್ ಟೇಬಲ್ಲು ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತು ಮೇಷ್ಟ್ರೇ.”

ಜೇಬಿನಿಂದ ಡೈರಿ ತೆಗೆದು ಒಂದು ಪುಟ ಬಿಡಿಸಿದರು. ಪೆನ್ಸಿಲ್ಲಿನಲ್ಲಿ ಪೂರ್ತಿ ಸ್ಕ್ರಿಪ್ಟು, ಹೊಸದು. ತಪ್ಪು ತಮ್ಮದೇ ಅಂದುಕೊಂಡು ಇಷ್ಟು ದಿನ ಕೂತು ತಿದ್ದಿದ್ದರು. ಟೇಬಲ್ಲೇ ಇಲ್ಲ. ಪ್ರತಿ ಓದನ್ನೂ ಒಂದು ಮೊತ್ತಕ್ಕೆ ಕೂಡುತ್ತಾ, ಎಷ್ಟು ಸಲ ಅಂತ ಎಣಿಸುತ್ತಾ ಹೋಗಿ, ಕೊನೆಗೆ ಭಾಗಿಸೋದು. ಮೂರು ದಿನ ಅಲ್ಲ, ಮೂರು ವರ್ಷ ಓಡಿಸಿದರೂ ಮೆಮೊರಿ ಒಂದಿಷ್ಟೂ ಬೆಳೆಯಲ್ಲ. ನಾನು ಬರೆದಿದ್ದರೂ ಇಷ್ಟು ಚೊಕ್ಕವಾಗಿ ಬರ್ತಿರಲಿಲ್ಲ.

“ನೋಡು ಮರಿ, ಇದಾದ್ರೆ ಹೆಂಗೆ?” ಅಂದರು.

ನೋಡಿದೆ. ಮೊದಲ ಓದಿಗೆ ಮುಂಚೆ ಒಂದು ಸಾಲು ಬಿಟ್ಟುಹೋಗಿತ್ತು. ನಾನು ಬೆರಳು ಇಡೋಕೆ ಮುಂಚೆ ಅವರೇ ಕಂಡುಕೊಂಡು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಅಂಚಿನಲ್ಲಿ ಸೇರಿಸಿದರು. ಕಾಯಿ, 90.